ಹಾಸಿಗೆ ಇರುವ ಗಾಡಿ

ನನ್ನ ಗಂಡನಿಗೆ ಗಾಡಿಯಲ್ಲಿ ಮಲಗಿ ಊರೂರು ತಿರುಗುವ ಹುಚ್ಚು ಹಿಡಿದಾಗ ನಾನು ಅವರ ಕೂಡ ಮಾತು ಬಿಟ್ಟಿದ್ದೆ. ನನ್ನಂಥವಳಿಗೆ ಅದು ಸಣ್ಣ ಕೆಲಸವಲ್ಲ. ಪ್ರಾಥಮಿಕ ಶಾಲೆಯ ಟೀಚರ್ ನಾನು, ಬೆಳಗಿನಿಂದ ಸಂಜೆಯ ತನಕ ಗಂಟಲು ಹರಿದುಕೊಂಡೇ ಅನ್ನ ತಿಂದವಳು. ಅವರು ನಾರಾಯಣಪುರ ಡ್ಯಾಮಿನಲ್ಲಿ ಗೇಟು ಏರಿಸಿ ಇಳಿಸುವ ಕೆಲಸ ಮಾಡಿ ನಿವೃತ್ತರಾಗಿದ್ದರು. ನನಗೆ ಶಹಾಪುರದ ಶಾಲೆಗೆ ವರ್ಗವಾಗಿತ್ತು. ಕ್ವಾರ್ಟರ್ಸ್ ಬಿಟ್ಟು ಶಹಾಪುರದಲ್ಲಿ ಕಟ್ಟಿಸಿದ ನಮ್ಮದೇ ಮನೆಗೆ ಬಂದಿದ್ದೆವು, ಗೋಡೆಯ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಮಳೆ ಬಂದರೆ ನಡುಮನೆಯಲ್ಲಿ ಬೋಗುಣಿ ಇಡಬೇಕಾದ ಸರ್ಕಾರಿ ಮನೆಯಲ್ಲಿ ಸಂಸಾರ ಮಾಡಿ, ಕೊನೆಗೊಂದು ಸ್ವಂತ ಸೂರು ಆದಮೇಲೆ ಈ ಮನುಷ್ಯ ವ್ಯಾನಿನಲ್ಲಿ ಮಲಗುತ್ತೇನೆ ಎಂದರೆ ಮೈ ಉರಿಯುವುದಿಲ್ಲವೇ?

ಎಲ್ಲಾ ಆ ಮೊಬೈಲಿನ ಕೆಲಸ. ಯಾರೋ ಗಂಡ ಹೆಂಡತಿ ಸಣ್ಣ ವ್ಯಾನಿನಲ್ಲಿ ಹಾಸಿಗೆ, ಒಲೆ, ನೀರಿನ ಕ್ಯಾನು ಇಟ್ಟುಕೊಂಡು ಗುಡ್ಡ ಹತ್ತುವುದು, ಹೊಳೆ ದಂಡೆಯಲ್ಲಿ ಚಹಾ ಕಾಸುವುದು, ಅದನ್ನು ತಾವೇ ವಿಡಿಯೋ ಮಾಡಿ ಹಾಕುವುದು. ಇವರು ಅದನ್ನು ಊಟದ ಮುಂದೆ ಕೂತು ನೋಡುತ್ತಿದ್ದರು. ಸಾರು ತಣ್ಣಗಾಗುತ್ತಿತ್ತು. ಒಂದು ದಿನ ತಡೆಯಲಾರದೆ ಕೇಳಿದೆ.

“ಮನಿ ಕಟ್ಟಿಸಿ ಬೀದ್ಯಾಗ ಮಲಗಾಕ ಹೊಂಟೀರೇನು? ಮಂದಿ ಏನಂದಾರು?”

“ಮಂದಿ ಏನರ ಅನ್ಲಿ. ಜೀವಮಾನೆಲ್ಲ ನೀರ ಬಿಟ್ಟೀನಿ. ಆ ನೀರು ಎಲ್ಲಿ ಹೋಗಿ ಮುಟ್ಟತೈತಿ ಅಂತ ಒಮ್ಮೆ ಕಣ್ಣಿಲೆ ನೋಡಬೇಕು.”

ನೋಡಬೇಕಾದದ್ದು ಸಮುದ್ರ. ಕೃಷ್ಣೆ ಆಂಧ್ರದ ಆ ತುದಿಯಲ್ಲಿ ಹೋಗಿ ಸೇರುವ ಸಮುದ್ರ. ನಾನೂ ನೋಡಿರಲಿಲ್ಲ, ಮಕ್ಕಳಿಗೆ ಮಾತ್ರ ನಕಾಶೆಯಲ್ಲಿ ಕೋಲು ತೋರಿಸಿ ನೀಲಿ ಬಣ್ಣ ಇದ್ದದ್ದೆಲ್ಲ ಸಮುದ್ರ ಎಂದು ಹೇಳಿಕೊಡುತ್ತಿದ್ದೆ. “ನೋಡಬೇಕಂದ್ರ ರೈಲಿಗಿ ಹೋಗೂಣು, ಲಾಡ್ಜಿನ್ಯಾಗ ಇರೂಣು” ಎಂದೆ. ಅವರು ತಲೆ ಅಲ್ಲಾಡಿಸಿದರು. ಹಾದಿಯುದ್ದಕ್ಕೂ ಹೊಳೆಯ ಬಗಲಿಗೇ ಹೋಗಬೇಕು, ಹೊಳೆಯ ಬಗಲಿಗೆ ಲಾಡ್ಜು ಇರುವುದಿಲ್ಲ, ಹಳ್ಳಿಗಳಿರುತ್ತವೆ. ಹಳ್ಳಿಯಲ್ಲಿ ಇಳಿದುಕೊಳ್ಳಲು ಜಾಗ ಕೇಳುವುದು ಅವರಿಗೆ ಇನ್ನು ಬೇಡವಾಗಿತ್ತು.

ನಾವು ಬೌದ್ಧರು. ನಮ್ಮ ಕಡೆ ಹಾಗೆಂದ ಕೂಡಲೇ ಅದಕ್ಕೂ ಮೊದಲು ಯಾರಾಗಿದ್ದೆವು ಎನ್ನುವುದು ಎಲ್ಲರಿಗೂ ತಿಳಿಯುತ್ತದೆ, ನಾನು ಬಿಡಿಸಿ ಹೇಳಬೇಕಿಲ್ಲ. ಪ್ರಾಯದಲ್ಲಿ ಕಾಲುವೆಯ ಮೇಲೆ ಡ್ಯೂಟಿಗೆ ಹೋದಾಗ ಕತ್ತಲಾದ ಊರಿನಲ್ಲಿ ಅವರು ಜಾಗ ಕೇಳಬೇಕಾಗುತ್ತಿತ್ತು. ಹೆಸರು ಕೇಳುವರು, ಊರು ಕೇಳುವರು. ಆಮೇಲಿನ ಪ್ರಶ್ನೆಗೆ ಉತ್ತರ ಕೊಟ್ಟರೆ ಒಳಗೆ ಹಾಸಿದ ಚಾಪೆ ಹೊರಗಿನ ಕಟ್ಟೆಗೆ ಬರುತ್ತಿತ್ತು. “ಸ್ವಂತ ಖೋಲಿ ಬೆನ್ನಿಗಿ ಕಟಗೊಂಡು ಹೋದ್ರ ಯಾರ ಹಂಗೂ ಇಲ್ಲ ನೋಡು” ಎನ್ನುತ್ತಿದ್ದರು. ಆ ಮಾತು ಖರೆಯೇ. ಆದರೂ ಸಿಟ್ಟು ಇಳಿಯಲಿಲ್ಲ, ಮಾತು ಬಿಟ್ಟೆ.

ಮಾತು ಮತ್ತೆ ಶುರುವಾದದ್ದು ಒಂದು ಕಪ್ ಚಹಾದಿಂದ. ನಾನು ಕಪ್ಪು ಮುಂದಿಟ್ಟೆ, ಅವರು ಕಿಟ್ಲಿ ಎತ್ತಿ ಕಪ್ಪಿನ ಪಕ್ಕಕ್ಕೆ ಸುರಿದರು. ಮೇಜಿನ ಮೇಲೆ ಹರಿದು ನನ್ನ ಪರೀಕ್ಷೆಯ ಪೇಪರುಗಳೆಲ್ಲ ತೊಯ್ದವು. “ಕಣ್ಣು ಎಲ್ಲಿ ಇಟಗೊಂಡೀರಿ!” ಎಂದು ಚೀರಿದೆ. ಅವರು ಸುಮ್ಮನೆ ಮೇಜನ್ನು ಕೈಯಿಂದ ಸವರುತ್ತ ಕೂತರು, ಚಹಾ ಎಲ್ಲಿಯ ತನಕ ಹರಿದಿದೆ ಎಂದು ಬೆರಳಿನಿಂದ ಹುಡುಕುತ್ತಿದ್ದರು.

ಕಲಬುರಗಿಯ ಕಣ್ಣಿನ ಡಾಕ್ಟರು ಒಳಗೆ ಒತ್ತಡ ಹೆಚ್ಚಾಗಿ ನರ ಒಣಗುತ್ತಿದೆ ಎಂದರು. ಮೊದಲು ಬಗಲಿನದು ಕಾಣದಂತಾಗುತ್ತದೆ, ಆಮೇಲೆ ನಡುವಿನದು. “ಹೋದದ್ದು ತಿರುಗಿ ಬರಂಗಿಲ್ಲ. ಇದ್ದದ್ದನ್ನ ಹಿಡಕೊಂಡಿರೂಣು” ಎಂದು ಕಣ್ಣಿಗೆ ಹಾಕುವ ಹನಿ ಬರೆದು ಕೊಟ್ಟರು. ಎಷ್ಟು ದಿನ ಹಿಡಿದುಕೊಂಡಿರಲು ಬರುತ್ತದೆ ಎಂದು ಕೇಳಿದೆ. ಅವರು ನನ್ನ ಮುಖ ನೋಡದೆ, ಹನಿ ತಪ್ಪಿಸಬೇಡಿ ಎಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ನಾನೇ ಹೇಳಿದೆ: “ಗಾಡಿ ತಗೋರಿ. ಜಲ್ದಿ ತಗೋರಿ.”

ಮೊದಲು ಶಾಲೆಯ ಮಕ್ಕಳನ್ನು ಸಾಗಿಸುತ್ತಿದ್ದ ಒಂದು ಹಳೆಯ ಸಣ್ಣ ವ್ಯಾನು ಸುರಪುರದಲ್ಲಿ ಸಿಕ್ಕಿತು. ಒಳಗೆ ಕಾಲಿಟ್ಟರೆ ಬಿಸ್ಕಿಟಿನ ಪುಡಿ, ಪೆನ್ಸಿಲಿನ ತುಂಡು, ಸೀಟಿನ ಸಂದಿಯಲ್ಲಿ ಯಾರದೋ ಒಂದು ಸಾಕ್ಸು. ಹಿಂದಿನ ಸೀಟುಗಳನ್ನು ಕಿತ್ತು ಹಾಸಿಗೆಗೆ ಜಾಗ ಮಾಡಲು ಅಲ್ಲಿಯ ಬಡಿಗೇರರಿಗೇ ಹೇಳಿದೆವು. ಅವರು ಜೀವಮಾನದಲ್ಲಿ ಮಾಡಿದ್ದೆಲ್ಲ ಮದುವೆಯ ಮಂಚ. ಗಾಡಿಯೊಳಗೂ ಸಾಗವಾನಿಯದೊಂದು ಮಂಚವನ್ನೇ ಮಾಡಿಟ್ಟರು, ತಲೆಯ ಕಡೆ ಕೆತ್ತಿದ ಗಿಳಿಗಳೂ ಇದ್ದವು! ವ್ಯಾನಿನ ಹಿಂಭಾಗ ನೆಲಕ್ಕೆ ಕೂತಿತು. ನಾನು ಹಣೆ ಬಡಿದುಕೊಂಡು ನಕ್ಕೆ, ನನ್ನ ಗಂಡನೂ ನಕ್ಕರು. ಆ ಮಂಚ ಈಗ ನಮ್ಮ ಮನೆಯಲ್ಲಿದೆ. ಎರಡನೆಯ ಸಲ ಪ್ಲೈವುಡ್ಡಿನ ಹಗುರ ಹಲಗೆ, ಅದರ ಕೆಳಗೆ ಸಾಮಾನಿಗೆ ಪೆಟ್ಟಿಗೆ. ನನ್ನ ಗಂಡ ಕಾಲು ಚಾಚಿದರೆ ಹಿಂದಿನ ಬಾಗಿಲು ಹಾಕಲು ಬರುತ್ತಿರಲಿಲ್ಲ, ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗುವುದನ್ನು ಕಲಿತರು. ಉಳಿದ ಮೂಲೆ ನನ್ನದು. ಪಿಂಜಾರರ ಹತ್ತಿರ ಹತ್ತಿ ಹೊಡೆಸಿ ತೆಳ್ಳನೆಯ ಗಾದಿ ಮಾಡಿಸಿದೆ, ನನ್ನ ಹಳೆಯ ಸೀರೆಯಲ್ಲಿ ಕಿಟಕಿಗೆ ಪರದೆ ಹೊಲಿದೆ, ಸೊಳ್ಳೆ ಬರದಂತೆ ಜಾಳಿ ಹಚ್ಚಿಸಿದೆ. ಆ ವಿಡಿಯೋದವರು ಎಲ್ಲವನ್ನೂ ತೋರಿಸುತ್ತಾರೆ, ಹೆಣ್ಣುಮಕ್ಕಳು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಎನ್ನುವುದನ್ನು ಮಾತ್ರ ತೋರಿಸುವುದಿಲ್ಲ. “ಮೊದಲ ಅದರ ವ್ಯವಸ್ಥಾ ಹೇಳ್ರಿ, ಆಮ್ಯಾಲ ಸಮುದ್ರ” ಎಂದು ಪಟ್ಟು ಹಿಡಿದೆ. ನಾಲ್ಕು ಬಿದಿರು ಕೋಲು, ಸುತ್ತ ದಪ್ಪ ಬಟ್ಟೆ, ಒಳಗೊಂದು ಮುಚ್ಚಳವಿರುವ ಡಬ್ಬಿ, ಇಷ್ಟು ಮಾಡಿಕೊಟ್ಟರು.

ಬಣ್ಣ ಬಿಳಿಯದೇ ಹೊಡೆಸಿದೆವು. ನಮ್ಮ ಕಡೆಯ ಬಿಸಿಲಿಗೆ ಬೇರೆ ಬಣ್ಣ ಹೊಡೆಸಿದರೆ ಒಳಗೆ ರೊಟ್ಟಿ ಬೇಯುತ್ತದೆ. ಬಿಳಿಯ ಗಾಡಿ, ಕಿಟಕಿಗೆ ಪರದೆ, ಒಳಗೆ ಹಾಸಿಗೆ. ಇದನ್ನು ನೋಡಿದವರು ಏನೆಂದುಕೊಂಡಾರು ಎನ್ನುವುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ಗಾಡಿ ನಡೆಸುವುದು ನನ್ನ ಪಾಲಿಗೆ ಬಂತು. ಬಗಲಿನಿಂದ ಬರುವ ಎಮ್ಮೆ ಕಾಣದವರ ಕೈಗೆ ಸ್ಟಿಯರಿಂಗ್ ಕೊಡುವುದು ಹೇಗೆ? ತಲೆಯಲ್ಲಿ ಬಿಳಿಗೂದಲು ತುಂಬಿದ ಮೇಲೆ ಭಾನುವಾರ ಭಾನುವಾರ ಶಾಲೆಯ ಬಯಲಿನಲ್ಲಿ ಕ್ಲಚ್ಚು ಬಿಡುವುದನ್ನು ಕಲಿತೆ. ಅವರು ಬಗಲಿಗೆ ಕೂತು ಹೇಳಿಕೊಡುತ್ತಿದ್ದರು. ಇಷ್ಟು ವರ್ಷ ನಾನು ಮಕ್ಕಳಿಗೆ ಬೈದ ಎಲ್ಲಾ ಬೈಗುಳವನ್ನೂ ಅವರು ನನಗೆ ವಾಪಸ್ ಕೊಟ್ಟರು. ಯಾದಗಿರಿಗೆ ಹೋಗಿ ಲೈಸೆನ್ಸು ತಂದ ದಿನ ಇಬ್ಬರೂ ಬಸ್‌ಸ್ಟ್ಯಾಂಡಿನ ಎದುರಿಗೆ ಮಿರ್ಚಿ ಭಜಿ ತಿಂದೆವು. ನನ್ನ ಬದುಕಿನಲ್ಲಿ ಅಷ್ಟು ಖುಷಿಯ ದಿನಗಳು ಹೆಚ್ಚಿಲ್ಲ.

ಪರೀಕ್ಷೆಗೆಂದು ಮೊದಲು ಹೋದದ್ದು ಕೆಂಭಾವಿಯ ಕಡೆಗೆ. ಒಂದು ಹಳ್ಳಿಯ ಹೊರಗೆ, ಕಾಲುವೆಯ ದಂಡೆಯ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದೆವು. ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ಒಲೆ ಹಚ್ಚಿ ಅಕ್ಕಿ ಇಟ್ಟಿದ್ದೆನಷ್ಟೆ, ಹೊಲದಿಂದ ಮನೆಗೆ ಹೋಗುವ ಮಂದಿ ಸುತ್ತುವರಿದರು. ಹಿಂದಿನ ಬಾಗಿಲಿನಿಂದ ಇಣುಕಿದ ಒಬ್ಬ ಹೆಂಗಸು ಕೈ ಬಾಯಿಗೆ ಇಟ್ಟುಕೊಂಡಳು.

“ಯವ್ವಾ, ಯಾರಿಗಿ ಆರಾಮಿಲ್ರೀ?”

“ಎಲ್ಲಾರೂ ಆರಾಮ ಅದೀವಿ” ಎಂದೆ.

“ಮತ್ತ ಹಾಸಗಿ?”

“ಮಲಗಾಕ.”

“ನಿಮಗ ಮನಿ ಇಲ್ಲೇನ್ರೀ, ಪಾಪ?”

ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟರಲ್ಲಿ ಪಟಗಾ ಸುತ್ತಿದ ಒಬ್ಬ ಹಿರಿಯ ಮುಂದೆ ಬಂದ. “ನನ್ನ ಮನಿ ಇರೂತನ ಹೆಣ್ಮಗಳು ಗಾಡ್ಯಾಗ ಮಲಗೋದಂದ್ರ ಊರ ಮರ್ಯಾದಿ ಏನ ಉಳಿತದ್ರಿ? ನಡೀರಿ, ಬಿಸಿ ರೊಟ್ಟಿ ಅದಾವ” ಎಂದವನೇ ನಮ್ಮ ದಿಂಬಿನ ಗಂಟನ್ನು ತಾನೇ ಬಗಲಲ್ಲಿ ಹಿಡಿದು ಹೊರಟುಬಿಟ್ಟ. ಬೇಡವೆಂದರೂ ಕೇಳಲಿಲ್ಲ. ಅಕ್ಕಿಯ ಪಾತ್ರೆ ಇಳಿಸಿ ಹಿಂದೆ ಹೋದೆವು. ಹಾದಿಯಲ್ಲಿ ಹೆಸರು ಕೇಳಿದ, ಊರು ಕೇಳಿದ. ಆಮೇಲೆ, ನಾನು ಕಾಯುತ್ತಿದ್ದ ಹಾಗೆಯೇ, “ನೀವು ಯಾವ ಪೈಕಿ ಆಗಬೇಕ್ರಿ?” ಎಂದ.

ನನ್ನ ಗಂಡ ಹೇಳಿದರು. ಅವರು ಸುಳ್ಳು ಹೇಳುವವರಲ್ಲ, ಆ ದಿನದ ಮಟ್ಟಿಗಂತೂ ಅಲ್ಲ. ಹಿರಿಯ ಅದೇ ನಡಿಗೆಯಲ್ಲಿ ಸ್ವಲ್ಪ ದೂರ ಹೋದ, ನಿಂತ, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. “ಅಲ್ರೀ, ನಮ್ಮ ಮನ್ಯಾಗ ಸೊಳ್ಳಿ ಭಾಳ ಅದಾವ. ನಿಮ್ಮ ಗಾಡಿಗಿ ಜಾಳಿ ಹಚ್ಚೀರಿ, ಗಾಳೀನೂ ಬರತದ. ಅಲ್ಲೇ ಛಲೋ ನೋಡ್ರಿ.” ದಿಂಬಿನ ಗಂಟನ್ನು ನನ್ನ ಕೈಗೆ ಕೊಡಲಿಲ್ಲ, ಪಕ್ಕದ ಕಲ್ಲಿನ ಮೇಲಿಟ್ಟು ಹೋದ.

ನನ್ನ ಕಣ್ಣಲ್ಲಿ ನೀರು ಬಂದದ್ದು ದುಃಖಕ್ಕಲ್ಲ, ಸಿಟ್ಟಿಗೆ. ಕೂಗಿ ಏನಾದರೂ ಅನ್ನಬೇಕೆಂದಿದ್ದೆ, ನನ್ನ ಗಂಡ ತೋಳು ಹಿಡಿದರು. “ಇದಕ್ಕ ಗಾಡಿ ಬೇಕಂದೆ ನಾ” ಎಂದರು. ವಾಪಸ್ ಬಂದು ಅನ್ನ ಮಾಡಿ ಉಂಡೆವು. ಅವರು ಓರೆಯಾಗಿ ಮಲಗಿ ಮಗುವಿನ ಹಾಗೆ ನಿದ್ದೆ ಹೋದರು, ನಾನು ಕಾಲುವೆಯ ಸಪ್ಪಳ ಕೇಳುತ್ತ ಮಲಗಿದ್ದೆ. ಬೆಳಿಗ್ಗೆ ಅವರು ಎದ್ದು ಪರದೆ ಸರಿಸಿ, ಕಾಲುವೆಯ ಆಚೆ ಭತ್ತದ ಗದ್ದೆಯಲ್ಲಿ ಕೂತ ಬೆಳ್ಳಕ್ಕಿಗಳನ್ನು ನನಗೆ ತೋರಿಸಿದರು. ಇನ್ನೂ ಕಾಣುತ್ತಿತ್ತು ಅವರಿಗೆ.

ಬೇಸಿಗೆಯ ರಜೆ ಶುರುವಾಗುತ್ತಲೂ ಹೊರಡುವುದೆಂದು ನಿಶ್ಚಯಿಸಿದೆವು. ಯಾದಗಿರಿ, ಸೈದಾಪುರ, ಅಲ್ಲಿಂದ ಗಡಿ ದಾಟಿ ಮಕ್ತಲ್, ಆಮೇಲೆ ಶ್ರೀಶೈಲದ ಕಾಡು, ಆಮೇಲೆ ಇಳಿಜಾರಿಗೆ ಹೊಳೆಯ ಬಗಲು ಹಿಡಿದು ಸಮುದ್ರದ ತನಕ. ಒಲೆ, ಕ್ಯಾನು, ಚಟ್ನಿಪುಡಿ, ಕಟಕ ರೊಟ್ಟಿ ಎಲ್ಲಾ ಗಾಡಿಗೇರಿದವು. ಹೊರಡುವ ಬೆಳಿಗ್ಗೆ ನಮ್ಮ ಓಣಿಯ ಒಬ್ಬಳು ಓಡಿ ಬಂದಳು. ಅವಳ ಸೊಸೆಗೆ ಹೆರಿಗೆ ನೋವು. ಆಂಬುಲೆನ್ಸು ಬೇರೆ ಕಡೆ ಹೋಗಿದೆ.

“ಟೀಚರ್ರೀ, ನಿಮ್ಮ ಗಾಡ್ಯಾಗ ಹಾಸಗಿ ಅದಂತಲ್ರೀ.”

ನಮ್ಮ ಕಡೆ ಬೀಜ ಕೇಳಿದರೆ ಇಲ್ಲ ಎನ್ನಬಹುದು, ಹಿಟ್ಟು ಕೇಳಿದರೆ ಮುಗಿದಿದೆ ಎನ್ನಬಹುದು. ಬೇನೆ ಬಿದ್ದವರಿಗೆ ಗಾಡಿ ಕೇಳಿದರೆ ಇಲ್ಲ ಎನ್ನುವಂತಿಲ್ಲ. ಇಲ್ಲ ಎಂದವಳು ಆ ಓಣಿಯಲ್ಲಿ ಬಾಳಲಾರಳು. ಒಲೆ ಕ್ಯಾನು ಕೆಳಗಿಳಿಸಿ ಆ ಹುಡುಗಿಯನ್ನು ಗಾದಿಯ ಮೇಲೆ ಮಲಗಿಸಿಕೊಂಡು ದವಾಖಾನೆಗೆ ಹೊಡೆದೆ. ಗಂಡು ಕೂಸು ಹುಟ್ಟಿತು, ಸಕ್ಕರೆ ಹಂಚಿದರು. ಗಾದಿ ಒಗೆದು ಒಣಗಿಸುವಷ್ಟರಲ್ಲಿ ಮುಂದಿನ ಓಣಿಯ ಮುದುಕನಿಗೆ ಪಾರ್ಶ್ವವಾಯು ಹೊಡೆಯಿತು. ಆಮೇಲೆ ಹಾವು ಕಡಿದವನು. ಆಮೇಲೆ ಮಾಳಿಗೆಯಿಂದ ಬಿದ್ದವಳು. ಆಂಬುಲೆನ್ಸು ಬಂದರೂ ಕೆಲವರು ನಮ್ಮ ಗಾಡಿಯನ್ನೇ ಕೇಳತೊಡಗಿದರು. “ಅದರಾಗ ಒಬ್ಬರನ್ನಷ್ಟ ಕೂಡಸ್ತಾರ್ರೀ, ನಿಮ್ಮ ಗಾಡ್ಯಾಗ ಮನಿ ಮಂದೆಲ್ಲ ಹೋಗಬಹುದು.” ಬಿಳಿಯ ಗಾಡಿ, ಪರದೆ, ಹಾಸಿಗೆ! ನಾವು ಮಾಡಿಸಿದ್ದೇ ಅದನ್ನು. ಆಗ ಒಬ್ಬರೂ ಯಾವ ಪೈಕಿ ಎಂದು ಕೇಳಲಿಲ್ಲ, ನಮ್ಮ ದಿಂಬಿನ ಮೇಲೆ ತಲೆಯಿಟ್ಟು ನರಳಿದರು.

ನಾನು ಬೈದುಕೊಂಡೇ ಗಾಡಿ ನಡೆಸುತ್ತಿದ್ದೆ. ಬೇನೆಯವರ ಮುಂದೆ ಬೈಯಲು ಬರುವುದಿಲ್ಲ, ವಾಪಸ್ ಬರುವಾಗ ಖಾಲಿ ಗಾಡಿಯಲ್ಲಿ ಬೈಯುತ್ತಿದ್ದೆ. ನನ್ನ ಗಂಡ ಒಂದು ದಿನವೂ ಗೊಣಗಲಿಲ್ಲ. ಯಾರಾದರೂ ಓಡಿ ಬಂದ ಕೂಡಲೇ ತಾವೇ ಒಲೆಯನ್ನು ಇಳಿಸಿ ಪಡಸಾಲೆಯಲ್ಲಿಡುವರು, ನಾನು ವಾಪಸ್ ಬಂದಮೇಲೆ ಮತ್ತೆ ಏರಿಸುವರು. “ಸಮುದ್ರ ಎಲ್ಲಿ ಹೋಗತೈತಿ?” ಎನ್ನುವರು. ಸಮುದ್ರ ಎಲ್ಲಿಗೂ ಹೋಗುವುದಿಲ್ಲ ಎನ್ನುವುದು ನನಗೂ ಗೊತ್ತಿತ್ತು ಮಾರಾಯರೆ, ಹೋಗುತ್ತಿದ್ದದ್ದು ಕಣ್ಣು.

ಆ ಕಣ್ಣನ್ನು ನಾನು ದಿನಾ ಬೆಳಿಗ್ಗೆ ಮಾಳಿಗೆಯ ಮೇಲೆ ಪರೀಕ್ಷೆ ಮಾಡುತ್ತಿದ್ದೆ. ಶಹಾಪುರದ ಗುಡ್ಡ ದೂರದಿಂದ ಬುದ್ಧ ಮಲಗಿದ ಹಾಗೆ ಕಾಣುತ್ತದೆ, ಹಣೆ, ಮೂಗು, ಗದ್ದ, ಎದೆ. ಹನಿ ಹಾಕಿ ಆದಮೇಲೆ ಅವರನ್ನು ಆ ಕಡೆ ತಿರುಗಿಸಿ ನಿಲ್ಲಿಸುವೆ. “ಮೂಗು ಕಾಣತೈತೇನ್ರಿ?” “ಕಾಣತೈತಿ.” “ತುಟಿ?” “ತುಟೀನೂ ಕಾಣತೈತಿ.” ನಾನು ನಿರಾಳವಾಗಿ ಕೆಳಗಿಳಿಯುವೆ. ಮೊಬೈಲು ನೋಡುವುದನ್ನು ಅವರು ಬಿಟ್ಟಿದ್ದರು. ಕೇಳಿದರೆ, ಎಲ್ಲಾ ವಿಡಿಯೋ ಒಂದೇ ನಮೂನಿ, ಬ್ಯಾಸರಾತು ಎಂದರು. ನಾನು ನಂಬಿದೆ.

ರಜೆ ಹೀಗೆ ಕಳೆಯಿತು. ಶಾಲೆ ಶುರುವಾಗುವ ಮುಂಚೆ ಆದದ್ದು ಕೊಂಕಲ್ಲಿನ ಹೆಂಗಸಿನದು. ನಮ್ಮ ಪಕ್ಕದ ಮನೆಯವಳ ಅಕ್ಕ ಅವಳು, ಕಲಬುರಗಿಯ ದವಾಖಾನೆಯಲ್ಲಿ ಬಹಳ ದಿನ ಇದ್ದಳು. ಇನ್ನು ಮನೆಗೆ ಕರೆದುಕೊಂಡು ಹೋಗಿರಿ ಎಂದರಂತೆ. ಹಾಗೆಂದರೆ ಏನೆಂದು ಎಲ್ಲರಿಗೂ ತಿಳಿಯುತ್ತದೆ. ಹಾಸಿಗೆ ಇರುವ ಗಾಡಿ ಓಣಿಯಲ್ಲೇ ಇತ್ತಲ್ಲ! ನಾವಿಬ್ಬರೂ ಹೋದೆವು. ಮಟಮಟ ಮಧ್ಯಾಹ್ನ, ಯಾದಗಿರಿ ಇನ್ನೂ ಮುಂದಿದೆ ಎನ್ನುವಾಗ ಹಿಂದಿನಿಂದ ಅವಳ ಮಗಳು “ಯವ್ವಾ” ಎಂದಳು, ಇನ್ನೊಮ್ಮೆ ಎಂದಳು, ಆಮೇಲೆ ಚೀರಿದಳು. ನಾನು ಗಾಡಿ ನಿಲ್ಲಿಸಲಿಲ್ಲ. ನಿಲ್ಲಿಸಿ ಏನು ಮಾಡುವುದು? ಸತ್ತವಳನ್ನು ನಮ್ಮ ಗಾದಿಯ ಮೇಲೆ, ನನ್ನ ಹಳೆಯ ಸೀರೆಯ ಪರದೆ ಎಳೆದು, ಕೊಂಕಲ್ಲಿಗೆ ಮುಟ್ಟಿಸಿದೆ. ಮಣ್ಣಾಗುವ ತನಕ ಅಲ್ಲೇ ಇದ್ದು ಬಂದೆವು.

ಮರುದಿನ ಪಕ್ಕದ ಮನೆಯವಳು ನಿಂಬೆಹಣ್ಣು, ತೆಂಗಿನಕಾಯಿ, ಗೋಮೂತ್ರ ಹಿಡಿದುಕೊಂಡು ಬಂದಳು. ಗಾಡಿಗೆ ನಿವಾಳಿಸಿ ಇಳಿ ತೆಗೆಯಬೇಕು, ಹೆಣ ಮಲಗಿದ ಗಾಡಿ ಮೈಲಿಗೆ ಎಂದಳು. ಅವಳ ಸ್ವಂತ ಅಕ್ಕನ ಹೆಣ! ನನ್ನ ಗಂಡ ಅಷ್ಟು ದೊಡ್ಡ ದನಿಯಲ್ಲಿ ಮಾತನಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಮೈಲಿಗಿ ಅನ್ನೂ ಮಾತು ನಮ್ಮ ಬಾಗಲಾಗ ಆಡಬ್ಯಾಡ ತಂಗಿ. ಆ ಮಾತು ನಮ್ಮ ಅಪ್ಪ, ನಮ್ಮ ಮುತ್ಯಾ ಹೊಟ್ಟಿ ತುಂಬ ಕೇಳ್ಯಾರ. ನೀರಿಲೆ ತೊಳದೀನಿ, ಸಾಕು.”

ಗಾದಿಯನ್ನು ಬಿಚ್ಚಿ ಹತ್ತಿಯನ್ನು ಬಿಸಿಲಿಗೆ ಹಾಕಿ ಹೊಸದಾಗಿ ಹೊಡೆಸಿದೆವು. ಇಳಿ ತೆಗೆಯದ ಗಾಡಿ ಎಂದು ಸುದ್ದಿಯಾಯಿತು. ಅಲ್ಲಿಂದಾಚೆ ನಮ್ಮ ಗಾಡಿಯನ್ನು ಯಾರೂ ಕೇಳಲಿಲ್ಲ, ಬೇನೆಯವರು ಅದನ್ನು ಕಂಡರೆ ಮುಖ ತಿರುಗಿಸಿಕೊಳ್ಳತೊಡಗಿದರು. ಹೆರಿಗೆಗೆ ಹೋಗಿದ್ದವಳ ಅತ್ತೆ ಕೂಡ ಮೊಮ್ಮಗನನ್ನು ಗಾಡಿಯ ನೆರಳಿಗೆ ಬಿಡಲಿಲ್ಲ. ನನಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು, ಅದರ ಕೂಡವೇ ಸಮಾಧಾನವೂ ಆಯಿತು. ಅಂತೂ ಗಾಡಿ ನಮ್ಮದಾಯಿತು.

ಮಳೆಗಾಲ ಜೋರಾಗಿ, ಡ್ಯಾಮಿನಿಂದ ಹೊಳೆಗೆ ನೀರು ಬಿಟ್ಟಿದ್ದಾರೆ ಎಂದು ಸುದ್ದಿ ಬಂದಾಗ ನಾನು ಶಾಲೆಗೆ ರಜೆ ಹಾಕಿದೆ. ನೀರಿನ ಸಂಗಡವೇ ಹೋಗೋಣ ಎಂದೆ. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತರು. “ನಡಸೂದು ನಿಂದು, ಬೋರ್ಡ ಓದೂದು ನಂದು” ಎಂದರು. ನಸುಕಿಗೇ ಹೊರಟೆವು, ಯಾರೂ ಓಡಿ ಬರಲಿಲ್ಲ.

ಎರಡೂ ಕಡೆ ಹತ್ತಿ ಮೊಣಕಾಲೆತ್ತರ ಬಂದಿತ್ತು, ಎರೆಯ ಹೊಲಗಳು ಮಳೆ ಕುಡಿದು ಕಪ್ಪಾಗಿದ್ದವು. ಅವರು ಖುಷಿಯಿಂದ ಓದುತ್ತ ಹೋದರು. “ದೋರನಹಳ್ಳಿ ಬಂತು.” “ಮುಂದ ತಿರುವ ಐತಿ, ನಿಧಾನ.” “ಇಲ್ಲಿ ಸಾಲಿ ಐತಿ, ಹಾರ್ನ್ ಹೊಡಿ.” “ಭೀಮಾ ಹೊಳಿ ಸೇತುವಿ.” ಒಂದೂ ತಪ್ಪಲಿಲ್ಲ. ಹನಿ ಕೆಲಸ ಮಾಡಿದೆ, ಡಾಕ್ಟರು ಸುಮ್ಮನೆ ಹೆದರಿಸಿದ್ದು ಎಂದು ನನ್ನ ಎದೆ ಹಗುರಾಯಿತು. ಯಾದಗಿರಿಯ ಹೊರಗೆ ಗಾಡಿ ನಿಲ್ಲಿಸಿ ಒಲೆ ಹಚ್ಚಿ ಚಹಾ ಮಾಡಿದೆ, ವಿಡಿಯೋದವರ ಹಾಗೆಯೇ. ಕಪ್ಪನ್ನು ಅವರ ಕೈಯಲ್ಲೇ ಕೊಟ್ಟೆ.

ಯಾದಗಿರಿ ದಾಟಿದ ಮೇಲೆ ಅವರ ಮಾತು ಕಡಿಮೆಯಾಯಿತು. ನಿದ್ದೆ ಬಂದಿದೆ ಎಂದುಕೊಂಡೆ. ಸೈದಾಪುರವೂ ಹಿಂದೆ ಹೋಯಿತು. ಅದರ ಮುಂದೆ ಒಂದು ಕಡೆ ಹಾದಿ ಎರಡಾಗಿತ್ತು. ಕವಲಿನಲ್ಲಿ ಹಸಿರು ಬೋರ್ಡು. ನಾನು ನಿಧಾನ ಮಾಡಿ, ಎದುರಿಗೆ ಬರುತ್ತಿದ್ದ ಲಾರಿಯ ಮೇಲೆ ಕಣ್ಣಿಟ್ಟು ಕೇಳಿದೆ. “ಯಾ ಕಡೆ ಹೋಗಬೇಕ್ರಿ? ಬೋರ್ಡಿನ್ಯಾಗ ಏನೈತಿ?”

ಅವರು ತಡೆದು ಹೇಳಿದರು. “ತೆಲುಗಿನ್ಯಾಗ ಬರದಾರ. ಗಡಿ ಸಮೀಪ ಬಂತಲ್ಲ. ನನಗೆಲ್ಲಿ ಓದಾಕ ಬರತೈತಿ?” ಎಂದು ಸಣ್ಣಗೆ ನಕ್ಕರು.

ಲಾರಿ ಹೋಯಿತು. ನಾನು ತಲೆಯೆತ್ತಿ ನೋಡಿದೆ. ಬೋರ್ಡು ನಮ್ಮ ಮೂಗಿನ ಮುಂದೆಯೇ ಇತ್ತು. ಮೇಲೆ ಕನ್ನಡ, ಗೇಣುದ್ದದ ಬಿಳಿ ಅಕ್ಷರ, ಕೆಳಗೆ ಇಂಗ್ಲಿಷು. ತೆಲುಗಿನ ಒಂದು ಚುಕ್ಕೆಯೂ ಇರಲಿಲ್ಲ.

“ಹೌದ್ರಿ, ತೆಲುಗ” ಎಂದೆ. ಹೇಗೆ ಎಂದೆನೋ, ಗೊತ್ತಿಲ್ಲ. ಒಂದು ಕಡೆಗೆ ಗಾಡಿ ತಿರುಗಿಸಿದೆ, ಯಾವ ಕಡೆಗೆ ಎಂದು ನೋಡಲಿಲ್ಲ. ಸ್ವಲ್ಪ ದೂರ ಹೋದಮೇಲೆ ಅವರೇ ಹೇಳಿದರು.

“ಅದು ಕನ್ನಡ ಇತ್ತೇನು?”

ನಾನು ಗಾಡಿ ಬದಿಗೆ ನಿಲ್ಲಿಸಿ, ಬಾಯಿಗೆ ಬಂದ ಹಾಗೆ ಬೈದೆ. ಸುಳ್ಳುಗಾರ ಎಂದೆ, ನನ್ನನ್ನು ಮೂರ್ಖಳನ್ನಾಗಿ ಮಾಡಿದಿರಿ ಎಂದೆ, ದಿನಾ ಬೆಳಿಗ್ಗೆ ಮಾಳಿಗೆ ಹತ್ತಿಸಿ ಕೇಳುತ್ತಿದ್ದೆನಲ್ಲ, ಗುಡ್ಡ ಕಾಣುತ್ತದೆ ಎಂದು ಯಾವ ಬಾಯಿಂದ ಹೇಳಿದಿರಿ ಎಂದೆ. ಅವರು ಪೂರಾ ಕೇಳಿಸಿಕೊಂಡರು.

“ಗುಡ್ಡ ಎಲ್ಲಿ ಹೋಗತೈತಿ? ಇದ್ದಲ್ಲೇ ಇರತೈತಿ. ಯಾದಗಿರಿ ತನ ಹಾದೀನೂ ನನಗ ಬಾಯಿಪಾಠ. ಮುಂದಿಂದು ಗೊತ್ತಿಲ್ಲ.”

“ಯಾವಾಗಿಂದ್ರೀ?”

“ಬ್ಯಾಸಗಿಯಿಂದ. ಬೆಳಕ ಕಾಣತೈತಿ. ನಿನ್ನ ಮಾರಿ ಕಾಣಂಗಿಲ್ಲ.”

ಬೇಸಿಗೆಯಿಂದ. ನಾನು ಅವರಿವರನ್ನು ನಮ್ಮ ಹಾಸಿಗೆಯ ಮೇಲೆ ಮಲಗಿಸಿಕೊಂಡು ದವಾಖಾನೆಗೆ ಓಡುತ್ತಿದ್ದಾಗ ಇವರು ಮನೆಯಲ್ಲಿ ಒಲೆ ಇಳಿಸಿ ಏರಿಸುತ್ತ ಕುರುಡಾಗುತ್ತಿದ್ದರು. ಹೇಳಿದ್ದರೆ ನೀನು ಹೊರಡುತ್ತಿರಲಿಲ್ಲ, ಗಾಡಿ ಮಾರಿ ಮತ್ತೆ ಡಾಕ್ಟರ ಮನೆ ಹಿಡಿಯುತ್ತಿದ್ದೆ ಎಂದರು. ಅದು ಖರೆ. ನಾನು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಆಮೇಲೆ ಮೂಗು ಒರೆಸಿಕೊಂಡು, “ಆದ್ರೂ ಹೋಗೂಣು. ನಾ ನೋಡಿ ಹೇಳತೀನಿ. ನೀವು ಸಪ್ಪಳರ ಕೇಳ್ರಿ, ನೀರಿನ್ಯಾಗ ಕಾಲರ ಇಡ್ರಿ” ಎಂದೆ.

ಮಳೆಹನಿ ಶುರುವಾಗಿ ಗಾಜು ಮಸುಕಾಯಿತು, ನಾನು ವೈಪರ್ ಹಾಕಲಿಲ್ಲ.

“ಸಪ್ಪಳ ನಾ ಕೇಳೀನಿ” ಎಂದರು. “ನೀರಿನ ಸಪ್ಪಳ ಹಗಲಿ ರಾತ್ರಿ ಕೇಳೀನಿ, ನಿದ್ದ್ಯಾಗೂ ಕೇಳೀನಿ. ನನಗ ಬೇಕಾಗಿದ್ದು ಸಪ್ಪಳ ಅಲ್ಲ. ಗಾಡಿ ಹೊಳ್ಳಿಸು.”

ನಾನು ವಾದ ಮಾಡಲಿಲ್ಲ. ವಾದ ಮಾಡುವುದರಲ್ಲಿ ನನ್ನಷ್ಟು ಗಟ್ಟಿಗಳು ಶಹಾಪುರದಲ್ಲಿ ಇನ್ನೊಬ್ಬಳಿಲ್ಲ, ಆದರೂ ಇಂಜಿನ್ ಚಾಲೂ ಮಾಡಿದೆ. ಹಾದಿ ಸಪೂರ, ಎರಡೂ ಬದಿಗೆ ತಗ್ಗು, ತಗ್ಗಿನಲ್ಲಿ ಮಳೆಯ ಕೆಂಪು ನೀರು. ಒಂದೇ ಸಲಕ್ಕೆ ಹೊಳ್ಳಿಸಲು ಬರುವಂತಿರಲಿಲ್ಲ, ಹಿಂದಕ್ಕೆ ತೆಗೆಯಬೇಕಿತ್ತು. ಗೇರು ಹಾಕಿದ ಸಪ್ಪಳ ಕೇಳಿದ ಕೂಡಲೇ ಅವರು ಬಾಗಿಲು ತೆರೆದು ಇಳಿದರು. ಗಾಡಿಯ ಮೈಯನ್ನು ಕೈಯಿಂದ ಸವರುತ್ತ ಹಿಂದಕ್ಕೆ ಹೋಗಿ, ಹಾದಿಯ ಅಂಚಿನಲ್ಲಿ ಮಳೆಯಲ್ಲಿ ನಿಂತರು. ಬಿಳಿ ಅಂಗಿ ಮೈಗೆ ಅಂಟಿತ್ತು. ಕನ್ನಡಿಯಲ್ಲಿ ನನಗೆ ಎಲ್ಲಾ ಕಾಣುತ್ತಿತ್ತು. ಕೈ ಎತ್ತಿ ಬೀಸಿ ಕರೆಯುತ್ತಿದ್ದರು.

“ಬಾ, ಬಾ. ಹಿಂಗ ಬಾ. ಜಾಗ ಭಾಳ ಐತಿ, ಇನ್ನ ಬಾ.”

ಹಿಂದಿನ ಗಾಲಿ ಹಾದಿಯ ಅಂಚಿಗೆ ಬಂದಿತ್ತು. ನಾನು ಬ್ರೇಕು ತುಳಿದೆ.

“ಸಾಕ್ರಿ” ಎಂದೆ. “ನೀವು ಒಳಗ ಬರ್ರಿ.”